ತಾಯಿಯೋ, ಮಗುವೋ?

“ಅಕ್ಕಾ, ಎದಿಯಾಗ ಗಂಟಿನಂಗ ಏನೋ ಕೈಗಿ ಹತ್ತಾಕತ್ತದ. ನೋವಿಲ್ಲ. ಯಾರಿಗೂ ಹೇಳಬ್ಯಾಡ.”

ಹೋದ ವರ್ಷ ಫೋನಿನಲ್ಲಿ ಹೀಗೆಂದವಳು ನನ್ನ ತಂಗಿ ನೀಲಮ್ಮ. ಅಫಜಲಪುರದ ಸೊಸೆ. ಆಗ ನಾಲ್ಕು ತಿಂಗಳ ಬಸುರಿ. ಬಹಳ ವರ್ಷ ಕಾದು, ಘತ್ತರಗಿ ಭಾಗ್ಯವಂತಿಗೆ ಹರಕೆ ಹೊತ್ತ ಮೇಲೆ ನಿಂತ ಬಸಿರು.

ಹೇಳಬೇಡ ಅಂದಳು, ಹೇಳಿದೆ. (ಅಕ್ಕಂದಿರು ಇರುವುದೇ ಅದಕ್ಕೆ.) ಅವಳ ಅತ್ತೆ, ಎದೆ ತುಂಬಿಕೊಳ್ಳುವ ಹೊತ್ತು, ತಾನೇ ಕರಗುತ್ತದೆ ಅಂದರು. ಅವರನ್ನೇಕೆ ದೂರಲಿ? ಬಸುರಿಯ ಮೈಯಲ್ಲಿ ಏನೇ ಆದರೂ ನಾವೆಲ್ಲ ಬಸಿರಿನ ಕಾರಣವನ್ನೇ ಕೊಡುತ್ತೇವೆ. ಗಂಟು ಕರಗಲಿಲ್ಲ. ತಿಂಗಳಾದ ಮೇಲೆ ಕಲಬುರಗಿಗೆ ಕರೆದೊಯ್ದೆ. ಸ್ಕ್ಯಾನಿಂಗ್, ಬಯಾಪ್ಸಿ. ಕ್ಯಾನ್ಸರ್.

ತಾಯಿಯೋ, ಮಗುವೋ? ಮನೆಯಲ್ಲಿ ಇದೇ ಮಾತು. ಬಸಿರು ತೆಗೆಸಿಬಿಡಿ ಅಂದಳು ನಮ್ಮವ್ವ. ಹೆರಿಗೆಯಾಗಲಿ, ಆಮೇಲೆ ಔಷಧ ಅಂದರು ಅತ್ತೆ. ಗಂಡ ಇಬ್ಬರ ಮಾತಿಗೂ ತಲೆಯಾಡಿಸಿದ. ನೀಲಮ್ಮನನ್ನು ಕೇಳಿದವರು ಡಾಕ್ಟರಮ್ಮ ಒಬ್ಬರೇ.

“ನಾನೂ ಇರಬೇಕ್ರಿ, ಇದೂ ಇರಬೇಕು,” ಅಂದಳು. “ನಾ ಇಲ್ಲಂದ್ರ ಇದನ್ನ ಎತ್ತಿ ಆಡಿಸೋರು ಯಾರ್ರಿ?”

ಬಸಿರು ತೆಗೆಸಿದ ಮಾತ್ರಕ್ಕೆ ಈ ಕ್ಯಾನ್ಸರ್ ವಾಸಿಯಾಗುವುದಿಲ್ಲ, ಹೆರಿಗೆಯವರೆಗೆ ಅದು ಕಾಯುವುದೂ ಇಲ್ಲ ಎಂದರು ಡಾಕ್ಟರಮ್ಮ. ಮಗುವಿನ ಅಂಗಾಂಗ ಮೂಡುವ ಮೊದಲ ಮೂರು ತಿಂಗಳು ದಾಟಿವೆ. ಹಾಗಾಗಿ ಆಪರೇಷನ್ ಮಾಡಬಹುದು, ಕೆಲವು ಕೀಮೋ ಔಷಧ ಕೊಡಬಹುದು. ರೇಡಿಯೇಷನ್ ಮಾತ್ರ ಹೆರಿಗೆ ನಂತರ. ರೋಗ ಹೊಟ್ಟೆಯ ಕೂಸಿಗೆ ದಾಟುವುದು ತೀರಾ ಅಪರೂಪ. ಆದರೆ ಕೂಸು ಬೇಗ ಹುಟ್ಟಬಹುದು, ತೂಕ ಕಡಿಮೆಯಾಗಬಹುದು. ಗ್ಯಾರಂಟಿ ಯಾವುದಕ್ಕೂ ಇಲ್ಲ.

ಒಂದು ಮೊಲೆ ಹೋಯಿತು. ಕೂದಲು ಹೋಯಿತು. ಕೀಮೋ ಮುಗಿಸಿ ಬಸ್ಸಿನಲ್ಲಿ ಮರಳುವಾಗ ಕೂಸು ಒದ್ದರೆ, ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಿದ್ದಳು.

ದಿನ ತುಂಬುವ ಮೊದಲೇ ಹೆಣ್ಣು ಹುಟ್ಟಿತು. ಸಣ್ಣ ಕೂಸು, ದೊಡ್ಡ ಅಳು. ನೀಲಮ್ಮನ ಚಿಕಿತ್ಸೆ ಇನ್ನೂ ನಡೆದಿದೆ. ಮುಂದೇನೋ, ಗೊತ್ತಿಲ್ಲ.

ಕೂಸು ಚೇತರಿಸಿಕೊಂಡ ಮೇಲೆ, ಹೋದ ವಾರ ತೊಟ್ಟಿಲಿಗೆ ಹಾಕಿದರು. ಬಾಟಲಿ ಹಾಲು ಕಂಡ ನೆರೆಮನೆಯವರು, ತಾಯಿ ಹಾಲು ಯಾಕಿಲ್ಲ ಎಂದು ಕೇಳಿದರು. ನಾನು ನೆಪ ಹುಡುಕುತ್ತಿದ್ದೆ.

“ಅಕಿಗಿ ಕ್ಯಾನ್ಸರ್ ಅದವ್ವ,” ಅಂದರು ಅತ್ತೆ, ಮೊಮ್ಮಗಳನ್ನು ತೊಡೆಗೆಳೆದುಕೊಂಡು. “ಔಷಧ ನಡದದ. ಅದಕ್ಕ ಕೊಡಂಗಿಲ್ಲ.”

ಆ ಶಬ್ದ ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಊಟವಾದ ಮೇಲೆ ಬಸುರಿ ಹುಡುಗಿಯೊಬ್ಬಳು ನೀಲಮ್ಮನ ಮಗ್ಗುಲಲ್ಲಿ ಬಂದು ಕೂತು, ದನಿ ತಗ್ಗಿಸಿ ತನ್ನ ಎದೆಯ ಬಗ್ಗೆ ಒಂದು ಸಂಶಯ ಕೇಳತೊಡಗಿದಳು.

ಇಷ್ಟು ತಿಂಗಳು ಇದನ್ನು ಮುಚ್ಚಿಟ್ಟು ನಾವೆಲ್ಲ ಯಾರ ಮರ್ಯಾದೆ ಕಾಯುತ್ತಿದ್ದೆವು?