ಮೂರನೇ ಡ್ರೈವರ್

ಅಣ್ಣನ ಗ್ಯಾರೇಜು ಬಂಗಾರಪೇಟೆಯಲ್ಲಿ, ರೈಲ್ವೆ ಗೇಟಿನ ಈಚೆ ಇದೆ. ಯಾರೋ ರಿಪೇರಿಗೆ ಬಿಟ್ಟು ಬೇಡವೆಂದ ಹಳೆಯ ಸಣ್ಣ ಕಾರೊಂದನ್ನು ಅವನು ತಾನೇ ಇಟ್ಟುಕೊಂಡ. ಹಿಂದಿನ ಸೀಟು ಕಿತ್ತ. ಕಾರು ಮಗುಚಿದರೂ ತಲೆ ಉಳಿಯಲೆಂದು ಒಳಗೆ ಕಬ್ಬಿಣದ ಪೈಪುಗಳ ಪಂಜರ ಕೂರಿಸಿದ. ಆ ಚಳಿಗಾಲದಲ್ಲಿ ಒಂದು ದಿನ ಊಟದ ನಡುವೆ, ಪಲ್ಯ ಬಡಿಸಿಕೊಳ್ಳುತ್ತಲೇ, ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ಮೂರು ರೇಸುಗಳಿಗೆ ಹೆಸರು ಕೊಟ್ಟಿದ್ದೇನೆ ಎಂದ. ಅಮ್ಮ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. ಅತ್ತಿಗೆ ಮಾತ್ರ, ‘ಒಂದೇ ವರ್ಷ. ಆಮೇಲೆ ಆ ಕಾರು ಇಲ್ಲಿರಬಾರದು’ ಎಂದರು. ಅಣ್ಣ ಒಪ್ಪಿಕೊಂಡ.

ನಾವು ಹೋದದ್ದು ಎಂಡ್ಯೂರೆನ್ಸ್, ಅಂದರೆ ತಾಳಿಕೆಯ ರೇಸುಗಳಿಗೆ. ಅಲ್ಲಿ ಒಂದು ಸುತ್ತು ಜೋರಾಗಿ ಹೊಡೆದು ಬಂದರೆ ಸಾಲದು. ಮೂರು ಗಂಟೆ ಕಾರನ್ನು ಕೆಡಿಸದೆ ಓಡಿಸಬೇಕು, ನಡುನಡುವೆ ಟ್ರ್ಯಾಕು ಬಿಟ್ಟು ಒಳಗೆ ಬಂದು ಪೆಟ್ರೋಲು ತುಂಬಿಸಿ ಡ್ರೈವರನ್ನು ಬದಲಾಯಿಸಬೇಕು, ಕೊನೆಯಲ್ಲಿ ಯಾರ ಸುತ್ತು ಹೆಚ್ಚೋ ಅವರು ಗೆದ್ದಂತೆ. ನಮ್ಮ ಮೊದಲನೇ ಡ್ರೈವರ್ ಅಣ್ಣ. ಎರಡನೆಯವರು ಸೋದರಮಾವ. ಅವರು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಖಾಸಗಿ ಬಸ್ಸು ಓಡಿಸುತ್ತಾರೆ. ಮೆಕ್ಯಾನಿಕ್ ಮಾರಿಕುಪ್ಪಂನವರು, ಅಣ್ಣನಿಗಿಂತ ಹಿರಿಯರು. ಸ್ಪ್ಯಾನರು ಕೇಳುವಾಗ ಕನ್ನಡ, ಬಯ್ಯುವಾಗ ತಮಿಳು. ನನ್ನ ಕೆಲಸ ಸಮಯ ಬರೆಯುವುದು, ಪೆಟ್ರೋಲಿನ ಲೆಕ್ಕ ಇಡುವುದು, ಕಾರನ್ನು ಒಳಗೆ ಕರೆಯುವ ಬೋರ್ಡು ಹಿಡಿಯುವುದು. ಎಂ.ಎಸ್ಸಿ. ಭೌತಶಾಸ್ತ್ರ ಓದಿದವಳು ಎಂಬ ಕಾರಣಕ್ಕೆ ಇದು ನನ್ನ ಪಾಲಿಗೆ ತಾನಾಗಿಯೇ ಬಂತು. ವಾರದ ಉಳಿದ ದಿನಗಳಲ್ಲಿ ನಾನು, ರೈಲಿನಲ್ಲಿ ಹೋಗಿಬರುವಷ್ಟು ದೂರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ.

ಅರ್ಜಿಯಲ್ಲಿ ಮೂರನೇ ಡ್ರೈವರ್ ಎಂಬ ಜಾಗವಿತ್ತು. ಅಲ್ಲಿ ಅಣ್ಣ ನನ್ನ ಹೆಸರು ಬರೆದ. ಖಾಲಿ ಬಿಡಬಾರದು ಎಂದು ಬರೆದನೋ, ನಿಜವಾಗಿಯೂ ಬರೆದನೋ ನಾನು ಕೇಳಲಿಲ್ಲ. ಒಂದು ಶನಿವಾರ ರಜೆ ಹಾಕಿ ಹೋಗಿ, ರೇಸಿಗೆ ಬೇಕಾದ ತರಬೇತಿ ಮುಗಿಸಿ, ಲೈಸೆನ್ಸು ಮಾಡಿಸಿಕೊಂಡು ಬಂದೆ. ಮನೆಯಲ್ಲಿ ವಿಚಾರ ಸಂಕಿರಣ ಎಂದುಕೊಂಡರು. ನಾನೂ ತಿದ್ದಲಿಲ್ಲ.

ಓಡಿಸುವುದನ್ನು ಕಲಿತದ್ದು, ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳ ಪಕ್ಕದ ಬಯಲಿನಲ್ಲಿ. ಭಾನುವಾರ ಬೆಳಗ್ಗೆ ಅಲ್ಲಿ ದನಗಳೂ ಇರುವುದಿಲ್ಲ. ಹಳೆಯ ಟೈರುಗಳನ್ನು ಇಟ್ಟು ತಿರುವು ಮಾಡಿಕೊಂಡಿದ್ದೆವು. ಆ ನುಣ್ಣನೆಯ ಬೂದು ದೂಳಿನಲ್ಲಿ ಬ್ರೇಕು ಒತ್ತಿದರೆ ಕಾರು ನಿಲ್ಲುವ ಬದಲು ಜಾರುತ್ತದೆ. ಎಲ್ಲಿ ಕಾಲು ಎತ್ತಬೇಕು, ಎಲ್ಲಿ ಮತ್ತೆ ಇಡಬೇಕು ಎನ್ನುವುದು ಸೊಂಟಕ್ಕೆ ಗೊತ್ತಾಗುತ್ತದೆ, ಆಮೇಲೆ ತಲೆಗೆ. ಮನೆಗೆ ಬಂದು ಸ್ನಾನ ಮಾಡಿದ ಮೇಲೂ ನನ್ನ ಬಲಗಾಲು ಸುಮ್ಮನಿರುತ್ತಿರಲಿಲ್ಲ. ತರಗತಿಯಲ್ಲಿ ಘರ್ಷಣೆಯ ಪಾಠ ಮಾಡುವಾಗ ಮೇಜಿನ ಕೆಳಗೆ ಅದು ತನ್ನಷ್ಟಕ್ಕೆ ಒತ್ತಿ ಬಿಡುತ್ತಿತ್ತು. ರೈಲಿನಲ್ಲಿ ಕೂತರೆ ಚಾಲಕ ತಡವಾಗಿ ಬ್ರೇಕು ಹಾಕಿದ ಎನಿಸಿ ಸಿಟ್ಟು ಬರುತ್ತಿತ್ತು.

ಮೊದಲನೇ ರೇಸಿನಲ್ಲಿ ಅಣ್ಣ ತನ್ನ ಪಾಲು ಚೆನ್ನಾಗಿಯೇ ಓಡಿಸಿದ. ಆಮೇಲೆ ಮಾವ ಹತ್ತಿದರು. ಕೆಲವು ಸುತ್ತುಗಳಾದ ಮೇಲೆ ಮುಂದೆ ಹೋಗುತ್ತಿದ್ದ ಯಾರದೋ ಕಾರು ತಿರುವಿನಲ್ಲಿ ತಿರುಗಿ ಜಲ್ಲಿಗೆ ಇಳಿಯಿತು. ಅಲ್ಲಿದ್ದ ಕಾವಲಿನವರು ಹಳದಿ ಬಾವುಟ ಬೀಸಿದರು. ನಿಧಾನಕ್ಕೆ ಹೋಗಿ, ಯಾರನ್ನೂ ಹಿಂದೆ ಹಾಕಬೇಡಿ ಎಂದು ಅದರ ಅರ್ಥ. ಮಾವನಿಗೆ ಇದೆಲ್ಲ ಹೇಳಿಕೊಟ್ಟಿದ್ದೆವು. ಆದರೆ ರಸ್ತೆ ಪಕ್ಕದಲ್ಲಿ ಒಬ್ಬ ಮನುಷ್ಯ ಕೈ ಎತ್ತಿ ಬೀಸುವುದನ್ನು ಅವರು ಇಪ್ಪತ್ತು ವರ್ಷದಿಂದ ನೋಡಿದ್ದಾರೆ. ಎಡಕ್ಕೆ ಇಂಡಿಕೇಟರ್ ಹಾಕಿ, ಕಾರನ್ನು ನೀಟಾಗಿ ಅಂಚಿಗೆ ತಂದು, ಬಾವುಟದವರ ಮುಂದೆಯೇ ನಿಲ್ಲಿಸಿದರು. ಎಂಜಿನ್ನು ಆಫಾಯಿತು. ಮತ್ತೆ ಸ್ಟಾರ್ಟ್ ಆಗಲಿಲ್ಲ.

ಎಳೆದು ತಂದು ಸರಿಮಾಡುವಷ್ಟರಲ್ಲಿ ನನ್ನ ಪಾಲಿನ ಹೊತ್ತು ಹೆಚ್ಚುಕಡಿಮೆ ಮುಗಿದಿತ್ತು. ಉಳಿದಷ್ಟನ್ನು ಅಣ್ಣ ಓಡಿಸಿದ.

‘ಬಾಗಿಲು ತೆಗೆದು, ಒಳಗೆ ಬನ್ನಿ ಸಾರ್, ಸೀಟಿದೆ ಅಂದ್ರಾ?’ ಎಂದು ಮೆಕ್ಯಾನಿಕ್ ಕೇಳಿದರು.

‘ಸುಮ್ಕಿರಯ್ಯ. ಅವ್ನು ಕೈ ಬೀಸ್ತಿದ್ದ, ನಿಲ್ಸಿದೆ. ಏನೋ ಆಗೈತೆ ಅಂದ್ಕೊಂಡೆ.’

‘ಆಗಿದ್ದು ನಮಗೆ ಮಾವ’ ಎಂದ ಅಣ್ಣ.

ಅಲ್ಲಿಂದ ಊರು ಮುಟ್ಟುವವರೆಗೂ ಮೆಕ್ಯಾನಿಕ್ ಕಂಡಕ್ಟರ್ ದನಿಯಲ್ಲಿ, ‘ಕಾಮಸಮುದ್ರ, ಕಾಮಸಮುದ್ರ, ಯಾರ್ ಹತ್ತೋರು!’ ಎಂದು ಕೂಗುತ್ತಲೇ ಇದ್ದರು. ಮೊದಮೊದಲು ಮಾವನೂ ನಕ್ಕರು. ವಾರ ಕಳೆದ ಮೇಲೆ ಸುದ್ದಿ ಬಸ್ ನಿಲ್ದಾಣಕ್ಕೂ ತಲುಪಿತು. ಟೀ ಅಂಗಡಿಯಲ್ಲಿ ಬೇರೆ ಡ್ರೈವರುಗಳು ಅವರನ್ನು ಕಂಡ ಕೂಡಲೇ ಕೈ ಬೀಸತೊಡಗಿದರು. ಆಗ ಅವರ ನಗು ನಿಂತಿತು. ‘ಇನ್ಮೇಲೆ ಅಲ್ಲಿ ಯಾರ್ ಬಂದು ಅಡ್ಡ ನಿಂತ್ರೂ ನಿಲ್ಸಲ್ಲ ಕಣಮ್ಮ’ ಎಂದು ನನ್ನ ಹತ್ತಿರ ಹೇಳಿದರು. ಆ ಮಾತನ್ನು ನಾನು ಅಷ್ಟಾಗಿ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಎರಡನೇ ರೇಸಿನಲ್ಲಿ ನೀರಿನ ಪೈಪು ಒಡೆದು, ಬಿಸಿ ಆವಿ ಎದ್ದು, ನನ್ನ ಸರದಿಗೆ ಮುಂಚೆಯೇ ಕಾರು ನಿಂತಿತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ತಪ್ಪಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು, ಯಾರ ಮೇಲಾದರೂ ಸಿಟ್ಟಾಗಬಹುದಿತ್ತು. ಅಂಗಿ ಕೂಡ ತೊಟ್ಟಿದ್ದೆ ನಾನು, ಬೆಂಕಿ ತಾಗದ ಆ ದಪ್ಪ ಅಂಗಿ. ಅದನ್ನು ಬಿಚ್ಚಿ ಮಡಿಸಿ ಚೀಲಕ್ಕೆ ಹಾಕುವಾಗ ಮೆಕ್ಯಾನಿಕ್ ನೋಡಿದರು. ‘ಪರವಾಯಿಲ್ಲಮ್ಮಾ, ಇನ್ನೊಂದಿದೆಯಲ್ಲ’ ಎಂದರು. ಇನ್ನೊಂದೇ ಇತ್ತು. ಕಾರು ಕೊಳ್ಳಲು ಹೊಸೂರಿನ ಒಂದು ತಂಡದವರು ಆಗಲೇ ಬಂದು ನೋಡಿಕೊಂಡು ಹೋಗಿದ್ದರು.

ಕೊನೆಯ ರೇಸಿಗೆ ಮುಂಚಿನ ವಾರಗಳಲ್ಲಿ ನನಗೆ ಓದಲಾಗಲಿಲ್ಲ, ಉತ್ತರ ಪತ್ರಿಕೆ ತಿದ್ದಲಾಗಲಿಲ್ಲ. ಸಂಜೆ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋಗದೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆಯುತ್ತಿದ್ದೆ. ಅಣ್ಣನಿಗೆ ಹೇಳಬಹುದಿತ್ತು, ಈ ಸಲ ನನ್ನನ್ನು ಮೊದಲು ಬಿಡು ಎಂದು. ಬಾಯಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡೆ. ಕೇಳಿದರೆ ಅವನು ಕೊಡುತ್ತಿದ್ದ. ಕೇಳುವುದೇ ನನಗೆ ಬರುತ್ತಿರಲಿಲ್ಲ. ಕೊನೆಗೆ ಅವನೇ ಒಂದು ಬೆಳಗ್ಗೆ ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತ, ‘ಒಂದೊಂದು ಗಂಟೆ. ನಾನು, ಮಾವ, ಕೊನೇಲಿ ನೀನು’ ಎಂದ. ಸರಿ ಎಂದೆ. ಹೊರಗೆ ಬಂದ ಮೇಲೆ ಚಪ್ಪಲಿ ಬಿಟ್ಟು ಬಂದಿದ್ದೇನೆ ಎಂದು ಗೊತ್ತಾಯಿತು.

ರೇಸಿನ ದಿನ ಅಣ್ಣ ತನ್ನ ಗಂಟೆ ಮುಗಿಸಿ ಇಳಿದ. ಸಣ್ಣ ಕಾರುಗಳ ನಮ್ಮ ವರ್ಗದಲ್ಲಿ ನಾವು ನಡುವಿನಲ್ಲಿದ್ದೆವು. ಮಾವ ಹೊರಟರು. ಅವರ ಗಂಟೆ ಮುಗಿಯುವ ಹೊತ್ತಿಗೆ ನಾನು ಅಂಗಿ ತೊಟ್ಟು, ಹೆಲ್ಮೆಟ್ಟು ಹಾಕಿ, ಟ್ರ್ಯಾಕಿನ ಅಂಚಿನ ಗಿಡ್ಡ ಗೋಡೆಯ ಹತ್ತಿರ ನಿಂತು ಬೋರ್ಡು ಹೊರಗೆ ಚಾಚಿದೆ. ನಮ್ಮಲ್ಲಿ ರೇಡಿಯೋ ಇರಲಿಲ್ಲ. ಬಂಗಾರಪೇಟೆಯಲ್ಲಿ ನಂಬರ್ ಪ್ಲೇಟು ಬರೆಯುವವರು ಬರೆದುಕೊಟ್ಟ ಬೋರ್ಡು ಅದು. ಕಪ್ಪು ಹಲಗೆ, ಒಳಕ್ಕೆ ತಿರುಗಿದ ದೊಡ್ಡ ಹಳದಿ ಬಾಣ.

ಮಾವ ಬೋರ್ಡಿನ ಮುಂದೆಯೇ ಹಾದು ಹೋದರು.

‘ನೋಡಿಲ್ಲ’ ಎಂದ ಅಣ್ಣ.

ಮುಂದಿನ ಸುತ್ತಿಗೆ ಬೋರ್ಡನ್ನು ಇನ್ನೂ ಆಚೆ ಚಾಚಿದೆ. ಹೆಲ್ಮೆಟ್ಟಿನೊಳಗೆ ನನ್ನ ಉಸಿರೇ ನನಗೆ ಕೇಳುತ್ತಿತ್ತು. ಕಾರು ಬಂತು, ದೊಡ್ಡದಾಯಿತು, ಹೋಯಿತು. ಆಮೇಲಿನ ಸುತ್ತಿಗೂ ಹಾಗೆಯೇ. ಅಣ್ಣ ಪಕ್ಕದಲ್ಲಿ ನಿಂತು ಎರಡೂ ಕೈ ಬೀಸಿದ. ಮೆಕ್ಯಾನಿಕ್ ಟವೆಲ್ ಬೀಸಿದರು.

‘ಬೀಸ್ಬೇಡಿ, ಬೀಸಿದ್ರೆ ಅವ್ರು ನಿಲ್ಸಲ್ಲ. ನಾವೇ ಅಲ್ವಾ ಬೈದು ಬೈದು ಕಲಿಸಿದ್ದು’ ಎಂದು ಅಣ್ಣ ಮೆಕ್ಯಾನಿಕ್‌ಗೆ ಹೇಳಿದ, ತಾನು ಮಾತ್ರ ಬೀಸುತ್ತಲೇ.

ಪ್ರತಿ ಸುತ್ತೂ ನನ್ನ ಗಂಟೆಯಿಂದ ಹೋಗುತ್ತಿತ್ತು. ನನ್ನ ಲೆಕ್ಕದಂತೆ ಟ್ಯಾಂಕಿನಲ್ಲಿ ಪೆಟ್ರೋಲೂ ಮುಗಿಯುತ್ತ ಬಂದಿತ್ತು. ಬಸ್ಸಿನಲ್ಲಿ ಡೀಸೆಲ್ ಉಳಿಸುವ ಅಭ್ಯಾಸದಂತೆ ಅವರು ತಿರುವಿಗೆ ಬಹಳ ಮುಂಚೆಯೇ ಕಾಲು ಎತ್ತುತ್ತಿದ್ದರು. ಅದೊಂದೇ ಕಾರಣಕ್ಕೆ ಕಾರು ಇನ್ನೂ ಓಡುತ್ತಿತ್ತು. ಒಬ್ಬರೇ ಒಂದೇ ಸಮನೆ ಒಂದೂವರೆ ಗಂಟೆ ಮೀರಿ ಓಡಿಸಿದರೆ ತಂಡವನ್ನೇ ಹೊರಗೆ ಹಾಕುತ್ತಾರೆ. ಬೋರ್ಡನ್ನು ಇನ್ನೊಂದು ಕೈಗೆ ಬದಲಿಸಿ ಗಡಿಯಾರ ನೋಡಿದೆ.

ಒಂದೂವರೆ ಗಂಟೆ ತುಂಬಲು ಒಂದು ಸುತ್ತು ಇರುವಾಗ ಮಾವ ಒಳಗೆ ಬಂದರು. ಅಣ್ಣ ಅವರ ಬೆಲ್ಟು ಬಿಚ್ಚಿದ, ಮೆಕ್ಯಾನಿಕ್ ಪೆಟ್ರೋಲು ಸುರಿದರು. ಮಾವ ನನ್ನ ಮುಖ ನೋಡದೆ ಪಕ್ಕಕ್ಕೆ ಸರಿದರು. ಅವರ ಬೆನ್ನೆಲ್ಲ ಒದ್ದೆ. ಸೀಟು ಕೂಡ ಒದ್ದೆಯಾಗಿ ಬೆಚ್ಚಗಿತ್ತು. ನಾನು ಹೊರಟಾಗ ಉಳಿದದ್ದು ಅರ್ಧ ಗಂಟೆಗೂ ಕಡಿಮೆ.

ಆ ಹೊತ್ತಿನ ಬಗ್ಗೆ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ. ಮೊದಲ ತಿರುವಿನಲ್ಲಿ ಟೈರು ಡಾಂಬರನ್ನು ಹಿಡಿದುಕೊಂಡಾಗ ಬೆಚ್ಚಿಬಿದ್ದೆ. ದೂಳಿನಲ್ಲಿ ಕಲಿತವಳಿಗೆ ಆ ವೇಗದಲ್ಲಿ ಅಂಥ ಹಿಡಿತ ಗೊತ್ತಿರಲಿಲ್ಲ. ಇಷ್ಟು ತಡವಾಗಿ ಕಾಲು ಎತ್ತಬಹುದೇ ಎಂದು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ತಡ ಮಾಡುತ್ತ ಹೋದೆ. ಇಬ್ಬರು ನನ್ನನ್ನು ಹಿಂದೆ ಹಾಕಿದರು. ಒಬ್ಬರನ್ನು ನಾನು ಹಿಂದೆ ಹಾಕಿದೆ, ಒಳಬದಿಯಿಂದ. ತಿಂಗಳುಗಳಿಂದ ಸುಮ್ಮನಿರದ ಕಾಲು ಈಗ ನನ್ನ ಮಾತು ಕೇಳುತ್ತಿತ್ತು.

ರೇಸು ಮುಗಿದ ಚೌಕಳಿ ಬಾವುಟ ಕಂಡಿತು. ಅದನ್ನು ಕಂಡ ಮೇಲೆ ನಿಧಾನವಾಗಿ ಒಂದು ಸುತ್ತು ಬಂದು ಒಳಗೆ ಹೋಗಬೇಕು. ನಾನು ಕಾಲು ಎತ್ತಲಿಲ್ಲ. ಇನ್ನೊಂದು ಸುತ್ತು ಅದೇ ವೇಗದಲ್ಲಿ ಹೋದೆ. ನನ್ನ ಸುತ್ತುಗಳಲ್ಲೆಲ್ಲ ಅದೇ ಚೆನ್ನಾಗಿತ್ತು ಎಂದು ನನಗೆ ಗೊತ್ತು. ಅದು ಲೆಕ್ಕಕ್ಕೆ ಬರುವುದಿಲ್ಲ.

ಅಧಿಕಾರಿಗಳು ಅಣ್ಣನನ್ನು ಕರೆಸಿ ಬೈದರು. ಅವನು ಬಂದು ನನ್ನನ್ನು ಬೈದ. ನಾವು ವರ್ಗದಲ್ಲಿ ಕೊನೆಯಿಂದ ಮೂರನೆಯವರಾಗಿದ್ದೆವು.

ಕಾರನ್ನು ಲಾರಿಗೆ ಏರಿಸಿ ಕಟ್ಟಿ ಹೊರಟಾಗ ಬಿಸಿಲಿನ್ನೂ ಇತ್ತು. ಮೆಕ್ಯಾನಿಕ್ ಹಿಂದೆ ಕಾರಿನ ಜೊತೆ ಕೂತರು. ಮುಂದೆ ಅಣ್ಣ ಸ್ಟಿಯರಿಂಗ್ ಹಿಡಿದಿದ್ದ, ನಡುವೆ ನಾನು, ಕಿಟಕಿಗೆ ಮಾವ.

‘ಬೋರ್ಡು ಕಂಡಿತ್ತು ಕಣಮ್ಮ’ ಎಂದರು ಮಾವ, ಹೊರಗೆ ನೋಡುತ್ತ. ‘ಮೊದಲ್ನೇ ಸಲಾನೇ ಕಂಡಿತ್ತು.’

‘ಕಂಡೂ ನಿಲ್ಸಲಿಲ್ವಾ?’ ಅಣ್ಣನ ದನಿ ಏರಿತು. ‘ನಾನಿಲ್ಲಿ ಟ್ರಾಫಿಕ್ ಪೊಲೀಸ್ ಥರ ಕುಣೀತಿದ್ದೆ!’

‘ನೀನು ಕುಣಿದಿದ್ದೂ ಕಂಡಿತ್ತು ಕಣ್ಲಾ. ಏನ್ ಮಾಡ್ಲಿ? ಅಷ್ಟ್ ವರ್ಷದಾಗೆ ಒಂದ್ ದಪಾ ಆದ್ರೂ ನಿಲ್ಸದಂಗೆ ಓಡ್ಸಿದ್ದೀನಾ ನಾನು? ಇನ್ನೊಂದು ರೌಂಡು, ಇನ್ನೊಂದು ರೌಂಡು ಅಂತ ಓಗ್ತಾನೇ ಇದ್ದೆ.’ ಆಮೇಲೆ ನನ್ನ ಕಡೆ ತಿರುಗಿದರು. ‘ನಿನ್ ಟೈಮು ತಿಂದ್ಬಿಟ್ಟೆ. ಬೈದ್ಬಿಡು.’

ಮೂರು ಗಂಟೆಯ ಹಿಂದೆ ಆಗಿದ್ದರೆ ಬೈಯುತ್ತಿದ್ದೆನೋ ಏನೋ. ‘ನನಗೂ ಬಾವುಟ ಕಂಡಿತ್ತು ಮಾವ’ ಎಂದೆ.

ಅವರು ಜೋರಾಗಿ ನಕ್ಕರು. ಅಣ್ಣ ನಗಲಿಲ್ಲ. ಇಬ್ಬರನ್ನೂ ಇಲ್ಲೇ ಇಳಿಸಿ ಹೋಗುತ್ತೇನೆ ಎಂದ. ಸ್ವಲ್ಪ ದೂರ ಹೋದ ಮೇಲೆ, ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ, ‘ಬುಧವಾರ ಬಂದು ಕಾರು ತಗೊಂಡ್ ಹೋಗ್ತಾರೆ. ಮಾತು ಕೊಟ್ಟಾಗಿದೆ’ ಎಂದ.

ಮಾವ ಕಿಟಕಿಯ ಕಡೆಗೆ ತಿರುಗಿಕೊಂಡರು. ನನ್ನ ಕಾಲು ಲಾರಿಯ ತಗಡಿನ ಮೇಲೆ ಒತ್ತುತ್ತ ಬಿಡುತ್ತ ಇತ್ತು. ಅದನ್ನು ನಿಲ್ಲಿಸಲು ಮೊಣಕಾಲ ಮೇಲೆ ಕೈ ಇಟ್ಟೆ.

‘ಹೊಸೂರಿನವರಿಗೆ ಮೂರನೇ ಡ್ರೈವರ್ ಇದ್ದಾರಾ?’ ಎಂದು ಕೇಳಿದೆ.

ಅಣ್ಣ ರಸ್ತೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದ. ‘ಗೊತ್ತಿಲ್ಲ. ಯಾಕೆ?’

‘ಕೇಳು’ ಎಂದೆ.