ವಿಡಿಯೋಗೆ ಬೇಜಾರಾಗುವುದಿಲ್ಲ

ತರಗತಿಯಲ್ಲಿ ನಾನು ಸಿಕ್ಕಾಪಟ್ಟೆ ವೇಗವಾಗಿ ಮಾತಾಡುತ್ತೇನಂತೆ. ಕೂದಲು ನರೆಯುವಷ್ಟು ಕಾಲ ಗಣಿತ ಹೇಳಿಕೊಟ್ಟ ಮೇಲೂ ಇದು ನನಗೆ ಗೊತ್ತಿರಲಿಲ್ಲ. ಹೇಳಿದವಳು ಹತ್ತನೇ ತರಗತಿಯ ಸಿಂಚನ. ಅದನ್ನು ಕೇಳಿಸಿಕೊಳ್ಳಲು ನಾನು ತ್ಯಾಗರಾಜನಗರದ ನಮ್ಮ ಮನೆಯಿಂದ ಶ್ರೀನಗರದ ಅವಳ ಮನೆಯವರೆಗೆ ನಡೆದು ಹೋಗಬೇಕಾಯಿತು.

ನಮ್ಮ ಶಾಲೆ ಈಗ ಬಹಳ ಸುಧಾರಿಸಿದೆ. ಕರಿಹಲಗೆ ಇದ್ದ ಜಾಗಕ್ಕೆ ಸ್ಮಾರ್ಟ್ ಬೋರ್ಡ್ ಬಂದಿದೆ. ಮೊದಲು ನಾನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ವೃತ್ತಗಳು ಕೋಡುಬಳೆಯ ಹಾಗಿರುತ್ತಿದ್ದವು. ಮಕ್ಕಳು ನಗುತ್ತಿದ್ದರು, ಆ ನಗುವಿನಲ್ಲೇ ಅರ್ಧ ಪಾಠ ಆಗಿಬಿಡುತ್ತಿತ್ತು. ಈಗ ಬೆರಳು ತಾಗಿಸಿದರೆ ವೃತ್ತ ತಾನೇ ದುಂಡಗೆ ಮೂಡುತ್ತದೆ, ಯಾರೂ ನಗುವುದಿಲ್ಲ. ಪಾಠ ತಪ್ಪಿಸಿಕೊಂಡವರಿಗೆ ವಿಡಿಯೋ ಇದೆ, ಲೆಕ್ಕ ಸರಿಯಾದರೆ ಫೋನು ನಕ್ಷತ್ರ ಕೊಡುತ್ತದೆ, ಮಗು ಬಾರದಿದ್ದರೆ ಮನೆಗೆ ತಾನಾಗಿಯೇ ಮೆಸೇಜು ಹೋಗುತ್ತದೆ.

ಸಿಂಚನಳ ಮನೆಗೂ ಅಂಥ ಮೆಸೇಜುಗಳು ಒಂದರ ಹಿಂದೊಂದು ಹೋದವು. ಅವಳು ಮಾತ್ರ ಬರಲಿಲ್ಲ. ಪರೀಕ್ಷೆ ಹತ್ತಿರವಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ವಿಚಾರಿಸಿದರೆ, ಮೆಸೇಜು ಹೋಗಿದೆಯಲ್ಲ ಎಂದರು. ಆಗ ನನಗೆ ನನ್ನ ಗಣಿತದ ಮೇಷ್ಟ್ರು ನೆನಪಾದರು.

ನಾನು ಜ್ವರದ ನೆಪ ಹೇಳಿ ಮನೆಯಲ್ಲಿ ಉಳಿದರೆ ಅವರು ಸಂಜೆ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಗೇಟಿಗೆ ಸೈಕಲ್ ಒರಗಿಸಿದ ಸದ್ದಿಗೇ ನನ್ನ ಜ್ವರ ಇಳಿಯುತ್ತಿತ್ತು. ಓದಿನ ಮಾತೇ ಎತ್ತುತ್ತಿರಲಿಲ್ಲ. ಅಮ್ಮ ಕೊಟ್ಟ ಕಾಫಿ ಕುಡಿದು, ಅಂಗಳದ ಕರಿಬೇವನ್ನು ಹೊಗಳಿ, ಎರಡು ಎಸಳು ಕಿತ್ತುಕೊಂಡು ಹೊರಡುತ್ತಿದ್ದರು. ಮರುದಿನ ನಾನು ಎಲ್ಲರಿಗಿಂತ ಮೊದಲು ತರಗತಿಯಲ್ಲಿರುತ್ತಿದ್ದೆ. ಪ್ರೇರಣೆ ಎಂಬ ಪದವನ್ನು ಅವರ ಬಾಯಲ್ಲಿ ಒಮ್ಮೆಯೂ ಕೇಳಿದ ನೆನಪಿಲ್ಲ. ಈಗ ಆ ವಿಷಯದ ಮೇಲೆ ನಮಗೆ ದಿನವಿಡೀ ತರಬೇತಿ ನಡೆಯುತ್ತದೆ. ಊಟದ ನಂತರ ಅರ್ಧ ಜನ ತೂಕಡಿಸುತ್ತೇವೆ.

ಶನಿವಾರ ಸಂಜೆ ಹೊರಟೆ. ಸಿಂಚನಳ ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ನನ್ನನ್ನು ಕಂಡು ಗಾಬರಿಯಾಗಿ, ಕುರ್ಚಿಯ ಮೇಲಿದ್ದ ಬಟ್ಟೆಗಳನ್ನೆತ್ತಿ ಜಾಗ ಮಾಡಿದರು. ಮಗಳು ಇನ್ನು ಶಾಲೆಗೆ ಬರುವುದಿಲ್ಲವಂತೆ, ಮುಂದಿನ ವರ್ಷ ಪ್ರೈವೇಟಾಗಿ ಪರೀಕ್ಷೆ ಕಟ್ಟುತ್ತಾಳಂತೆ, ಪಾಠವೆಲ್ಲ ಫೋನಿನಲ್ಲೇ ಇದೆಯಂತೆ ಎಂದರು. ಅದು ನಿಜವೋ ಸುಳ್ಳೋ ತಮಗೆ ಹೇಗೆ ತಿಳಿಯಬೇಕು ಎಂದು ದನಿ ತಗ್ಗಿಸಿದರು. ಸಿಂಚನ ಒಳಬಾಗಿಲ ಪರದೆಯ ಹಿಂದೆ ನಿಂತಿದ್ದಳು, ಪಾದಗಳಷ್ಟೇ ಕಾಣುತ್ತಿದ್ದವು.

ನಾನೂ ಮೇಷ್ಟ್ರ ದಾರಿ ಹಿಡಿಯಲು ನೋಡಿದೆ. ಕಾಫಿ ಹೊಗಳಿದೆ. ಕರಿಬೇವಿನ ಗಿಡ ಇರಲಿಲ್ಲವಾದ್ದರಿಂದ ಹೊಲಿಗೆ ಯಂತ್ರವನ್ನು ಹೊಗಳಿದೆ. ಕೊನೆಗೆ ತಾಳ್ಮೆ ಸಾಲದೆ ಪರದೆಯ ಕಡೆ ತಿರುಗಿ ಕೇಳಿಯೇಬಿಟ್ಟೆ: "ಫೋನಲ್ಲಿ ಪಾಠ ಚೆನ್ನಾಗಿದ್ಯೇನಮ್ಮ?"

ಅವಳು ಈಚೆ ಬಂದಳು. "ಚೆನ್ನಾಗಿದೆ ಮೇಡಂ. ಅರ್ಥ ಆಗ್ದಿದ್ರೆ ಅಲ್ಲೇ ನಿಲ್ಸಬಹುದು. ನಿಮ್ಮನ್ನ ನಿಲ್ಸಕ್ಕಾಗಲ್ಲ."

ತಾಯಿ ಗದರಲು ಹೊರಟರು, ನಾನು ತಡೆದೆ. ನಗು ಬಂತು, ಸ್ವಲ್ಪ ಚುಚ್ಚಿತು ಕೂಡ. ಹಾಗಾದರೆ ಎಷ್ಟು ಪಾಠ ಮುಗಿದಿದೆ ಎಂದು ಕೇಳಿದೆ. ತಲೆ ತಗ್ಗಿಸಿದಳು. ಮೊದಮೊದಲು ನೋಡಿದ್ದಳಂತೆ, ನಕ್ಷತ್ರಗಳೂ ಬಂದಿದ್ದವಂತೆ, ಆಮೇಲೆ ಬಿಟ್ಟಳಂತೆ. ಯಾಕೆ ಎಂದೆ.

"ನಾನು ನೋಡ್ಲಿಲ್ಲ ಅಂದ್ರೆ ವಿಡಿಯೋಗೇನೂ ಬೇಜಾರಾಗಲ್ಲ ಮೇಡಂ," ಎಂದಳು. "ನೀವು ಬರ್ತೀರ ಅಂತ ಅಂದ್ಕೊಂಡಿರ್ಲಿಲ್ಲ," ಎಂದು ಅತ್ತುಬಿಟ್ಟಳು.

ಸೋಮವಾರ ಶಾಲೆಗೆ ಬಂದಳು. ಅಂದೇ ತರಗತಿಯಲ್ಲಿ ಹೊಸ ಕಾನೂನು ಮಾಡಿದೆ: ಯಾರಾದರೂ ಅಂಗೈ ಎತ್ತಿದರೆ ನಾನು ಇದ್ದಲ್ಲೇ ನಿಲ್ಲಬೇಕು. ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಸಿಂಚನಳ ಕೈ ಮೇಲೇರಿತು. ಅದರ ಹಿಂದೆಯೇ, ಎಲ್ಲ ಅರ್ಥವಾಗಿದೆ ಎಂದು ನಾನು ನಂಬಿಕೊಂಡಿದ್ದ ಜಾಣರ ಕೈಗಳೂ ಏರಿದವು. ಪಾಠ ಹಿಂದೆ ಬಿತ್ತು, ಸಂಜೆ ಉಳಿದು ಮುಗಿಸಿದೆವು. ಮನೆಗೆ ಹೋದ ಮೇಲೆ ವಿಡಿಯೋ ನೋಡಿ ಬನ್ನಿ ಎಂದರೆ ನೋಡಿಕೊಂಡೇ ಬರುತ್ತಿದ್ದರು. ಬೆಳಿಗ್ಗೆ ನೋಡಿದಿರಾ ಎಂದು ಕೇಳಲು ನಾನೊಬ್ಬಳು ಕಾದಿರುತ್ತೇನಲ್ಲ. ಸಿಂಚನ ಪಾಸಾದಳು. ಊರಿಗೆ ಹೇಳಿಕೊಳ್ಳುವ ಅಂಕಗಳೇನಲ್ಲ, ಆದರೂ ಅವಳ ತಾಯಿ ಸ್ಟಾಫ್ ರೂಮಿಗೆಲ್ಲ ಮೈಸೂರುಪಾಕು ಹಂಚಿದರು.

ಈ ಬೇಸಿಗೆಯಲ್ಲಿ ನಾನೇ ವಿಡಿಯೋ ಪಾಠ ಮಾಡಬೇಕೆಂದು ಶಾಲೆಯಲ್ಲಿ ತೀರ್ಮಾನವಾಯಿತು. ಫೋನು ಹಿಡಿಯಲು ಸಿಂಚನಳನ್ನೇ ಕರೆದೆ. ಖಾಲಿ ಬೆಂಚುಗಳಿಗೆ ಪಾಠ ಹೇಳುತ್ತಾ ಹೇಳುತ್ತಾ, ಅಭ್ಯಾಸಬಲದಿಂದ ಅರ್ಥವಾಯಿತೇ ಎಂದು ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತುಬಿಟ್ಟೆ.

"ಇಲ್ಲ ಮೇಡಂ, ಇನ್ನೊಂದ್ಸಲ ಹೇಳಿ," ಎಂದಿತು ಫೋನಿನ ಹಿಂದಿನ ದನಿ.

ಹೇಳಿದೆ. ಅವಳ ಆ ಮಾತು ವಿಡಿಯೋದಲ್ಲಿ ಹಾಗೆಯೇ ಉಳಿದಿದೆ. ಅದನ್ನು ಕತ್ತರಿಸಿ ತೆಗೆಯುವುದು ಹೇಗೆಂದು ನನಗೆ ಗೊತ್ತಿಲ್ಲ; ಗೊತ್ತಿರುವವರನ್ನು ನಾನು ಕೇಳಿಯೂ ಇಲ್ಲ.