ಕಾಗದದ ಮೇಲೆ ಕೆಡವಿದ ಮನೆ

ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲು ನಾನು ಕೋಲಾರ ಜಿಲ್ಲೆಯ ಒಂದು ಪುರಸಭೆಯಲ್ಲಿ ಇಂಜಿನಿಯರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ತಪ್ಪು ಊರಿನದಲ್ಲ, ನನ್ನದು. ನಾನು ಬೈರಕೂರಿನ ಕಡೆಯವನು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ನೀರಿಲ್ಲದೆ ಬದುಕುವುದನ್ನು ಹಿರಿಯರು ಚೆನ್ನಾಗಿ ಕಲಿಸಿರುತ್ತಾರೆ. ನೀರು ಹೆಚ್ಚಾದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ಊರಿನ ಮೇಲುಗಡೆ ದೊಡ್ಡ ಕೆರೆ. ಕೆರೆ ತುಂಬಿದರೆ ಹೆಚ್ಚಾದ ನೀರು ಕಲ್ಲಿನ ಕೋಡಿ ದಾಟಿ ರಾಜಕಾಲುವೆಗೆ ಬೀಳುತ್ತದೆ. ಕಾಲುವೆಯ ಈಚೆ ದಡದಲ್ಲಿ ನಲವತ್ತೆಂಟು ಮನೆಗಳ ಕಾಲೊನಿ. ಆಚೆ ದಡದಲ್ಲಿ, ಹೊಂಗೆ ಮರಗಳ ಹಿಂದೆ, ಶೀಟು ಹೊದಿಸಿದ ಒಂದೇ ಒಂದು ಮನೆ. ಅದು ನೀರುಗಂಟಿ ಮುನಿಯಪ್ಪನವರದು. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವರ ಮನೆತನದ ಕೆಲಸ. ಕೆರೆ ಒಣಗಿ ಜಾಲಿ ಬೆಳೆದಿದ್ದ ವರ್ಷಗಳಲ್ಲೂ ಅವರು ದಿನಕ್ಕೊಂದು ಸಲ ಏರಿಯ ಮೇಲೆ ನಡೆದು ಬರುತ್ತಿದ್ದರು. "ನೀರಿಲ್ದಿದ್ರೂ ಕೆರೆ ಕೆರೇನೇ ಅಲ್ವಾ ಸಾರ್" ಎನ್ನುತ್ತಿದ್ದರು.

ಕೆರೆ ತುಂಬಿದ ಆ ಮಳೆಗಾಲಕ್ಕೆ ಎರಡು ವರ್ಷ ಹಿಂದೆ ರಾಜಕಾಲುವೆ ಒತ್ತುವರಿ ತೆರವು ಮಾಡಿ ವರದಿ ಕೊಡಬೇಕೆಂದು ಆದೇಶ ಬಂತು. ಸರ್ವೆಯಲ್ಲಿ ಸಿಕ್ಕಿದ್ದು ಮುನಿಯಪ್ಪನವರ ಮನೆಯೊಂದೇ. ಜೆಸಿಬಿ ತೆಗೆದುಕೊಂಡು ಹೋದೆ. ಅವರು ಮನೆಯಲ್ಲಿರಲಿಲ್ಲ. ಒಳಗೆ ಮಂಚದ ಮೇಲೆ ಅವರ ಹೆಂಡತಿ ಅಕ್ಕಾಯಮ್ಮ ಮಲಗಿದ್ದರು. ಲಕ್ವ ಹೊಡೆದು ಒಂದು ಪಕ್ಕ ಪೂರ್ತಿ ಬಿದ್ದುಹೋಗಿತ್ತು.

"ಯಾರಪ್ಪಾ ಬಂದಿರೋದು? ಬಾ, ಒಳೀಕ್ ಬಾ. ಎದ್ದು ನೀರು ಕೊಡಾಕಾಗಲ್ಲ ನಂಗೆ. ಗಡಿಗೇಲೈತೆ, ನೀನೇ ಕುಡಕೋ. ಬೇಜಾರ್ ಮಾಡ್ಕಬ್ಯಾಡ."

ನಾನು ನೀರು ಕುಡಿದು ಹೊರಗೆ ಬಂದೆ. ಲಕ್ಕೂರಿನ ಡ್ರೈವರ್ ಮಂಜ ಇಂಜಿನ್ ಆಫ್ ಮಾಡಿ ಕೂತಿದ್ದ.

"ಯಾಕೋ, ಡೀಸೆಲ್ ಇಲ್ವಾ?"

"ಡೀಸೆಲ್ ಐತೆ ಸಾರ್. ಮನ್ಸಿಲ್ಲ."

ಆಫೀಸಿಗೆ ಬಂದು ವರದಿಯಲ್ಲೂ ಮನೆಗಳ ಪಟ್ಟಿಯಲ್ಲೂ 'ಒತ್ತುವರಿ ತೆರವುಗೊಳಿಸಲಾಗಿದೆ' ಎಂದು ಬರೆದು ಸಹಿ ಮಾಡಿದೆ. ಮನೆ ಇದ್ದಲ್ಲೇ ಇತ್ತು. ಕಾಗದದ ಮೇಲೆ ಬಿದ್ದುಹೋಯಿತು. ನೌಕರಿಯಲ್ಲಿದ್ದವರಿಗೆ ಇಂಥ ದಯೆ ಹೊಸದಲ್ಲ. ಮೇಲಿನವರಿಗೆ ವರದಿ ಸಿಗುತ್ತದೆ, ಬಡವರಿಗೆ ಸೂರು ಉಳಿಯುತ್ತದೆ, ನಮಗೂ ಒಳ್ಳೆಯ ನಿದ್ದೆ ಬರುತ್ತದೆ. ಮಾರನೆಯ ದಿನ ಮುನಿಯಪ್ಪ ಒಂದು ಸೋರೆಕಾಯಿ ತಂದು ನನ್ನ ಮೇಜಿನ ಮೇಲಿಟ್ಟು, ಕೈ ಮುಗಿದು ಹೋದರು. ಆ ದಿನ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಎರಡು ವರ್ಷದ ಮೇಲೆ ಬಂತು ಆ ನವೆಂಬರ್. ಬಂಗಾಳಕೊಲ್ಲಿಯ ಚಂಡಮಾರುತದ ಮಳೆ ವಾರಗಟ್ಟಲೆ ಹಿಡಿದು ಸುರಿಯಿತು. ಹದಿನೇಳು ವರ್ಷಗಳ ನಂತರ ಕೆರೆ ತುಂಬಿತು. ಜನಕ್ಕೆ ಹುಚ್ಚು ಸಂತೋಷ. ಒಂದು ಹನಿಯೂ ಹೊರಗೆ ಹೋಗಬಾರದೆಂದು ರೈತರು ಕೋಡಿಯ ಮೇಲೆ ಮರಳು ಮೂಟೆ ಜೋಡಿಸಿ ಒಂದೂವರೆ ಅಡಿ ಎತ್ತರಿಸಿದರು. ನಮ್ಮ ಕಡೆ ಇದು ಹಳೆಯ ಆಸೆ. ನೀರು ಕಂಡವರು ಅದನ್ನು ಕಳಿಸಿಕೊಡಲು ಒಪ್ಪುವುದಿಲ್ಲ. ಮಂಗಳವಾರ ಹವಾಮಾನ ಇಲಾಖೆಯ ಎಚ್ಚರಿಕೆ ಬಂತು. ಮೂಟೆ ತೆಗೆಸಲು ಹೋದರೆ ಊರಿನ ಹಿರಿಯರಾದ ಕೃಷ್ಣಪ್ಪನವರು ಅಡ್ಡ ನಿಂತರು.

"ಶುಕ್ರವಾರ ಗಂಗಮ್ಮನ ಪೂಜೆ ಸಾರ್. ಹದಿನೇಳು ವರ್ಷಕ್ಕೆ ತವರಿಗೆ ಬಂದ ಮಗಳನ್ನ ಮಡಿಲಕ್ಕಿ ತುಂಬ್ದೆ ಕಳಿಸ್ತಾರಾ ಯಾರಾದ್ರೂ?"

ಮುನಿಯಪ್ಪ ಪಕ್ಕದಲ್ಲೇ ಇದ್ದರು. "ಅಣ್ಣಾ, ಪೂಜೆ ನಾಳೇನೇ ಮಾಡ್ರಿ. ನೀರು ವಾರ ನೋಡ್ಕಂಡ್ ಬರಲ್ಲ" ಎಂದರು.

"ನೀನ್ ಸುಮ್ಕಿರೋ. ನಿಂಗೆ ಎಲ್ಲಾ ಆತುರವೇ" ಎಂದು ಕೃಷ್ಣಪ್ಪ ಗದರಿದರು. ಹೆಂಗಸರು ತಂಬಿಟ್ಟಿಗೆ ಅಕ್ಕಿ ನೆನೆಹಾಕಿ ಆಗಿತ್ತು. ನನ್ನ ಮನಸ್ಸೂ ಸೋತಿತು. ಶುಕ್ರವಾರ ಮಧ್ಯಾಹ್ನ ತೆಗೆದರಾಯಿತು ಎಂದುಬಿಟ್ಟೆ. ಏರಿ ಇಳಿಯುವಾಗ ಮುನಿಯಪ್ಪ ನಗುತ್ತಲೇ ಅಂದರು: "ಇಂಜಿನಿಯರಿಂಗ್ ಓದಿದೀರ ಸಾರ್. ಕೆರೆ ಓದಿಲ್ಲ."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೇಲಿನ ಎರಡು ಕೆರೆಗಳು ಒಟ್ಟಿಗೆ ಕೋಡಿ ಬಿದ್ದವು. ಹನ್ನೊಂದೂವರೆಗೆ ನಮ್ಮ ಕೆರೆಯ ನೀರು ಮೂಟೆಗಳ ತಲೆ ಮುಟ್ಟಿತು. ಇನ್ನೊಂದು ಅಡಿ ಏರಿದರೆ ಮಣ್ಣಿನ ಏರಿಯ ಮೇಲೇ ನೀರು ಹರಿಯುತ್ತದೆ. ಹಾಗಾದರೆ ಏರಿ ಒಡೆಯುತ್ತದೆ, ಊರಿಗೆ ಊರೇ ಹೋಗುತ್ತದೆ. ಮೂಟೆಗಳನ್ನು ಒಂದು ತುದಿಯಿಂದ ನಿಧಾನವಾಗಿ ಬಿಡಿಸಬೇಕು. ಅದಕ್ಕೆ ಮೊದಲು ಕಾಲೊನಿ ಖಾಲಿಯಾಗಬೇಕು. ಹೆಲ್ತ್ ಇನ್ಸ್‌ಪೆಕ್ಟರ್ ಸುಬ್ರಮಣಿಯನ್ನು ಪೌರಕಾರ್ಮಿಕರ ಜೊತೆ ಟ್ರ್ಯಾಕ್ಟರ್ ಕೊಟ್ಟು ಕಳಿಸಿದೆ. ಅವರು ಆ ಊರಿಗೆ ಬಂದು ಮೂರು ತಿಂಗಳಾಗಿತ್ತು. ಮನೆಗಳ ಪಟ್ಟಿಯನ್ನು ನಾನೇ ಕೈಗೆ ಕೊಟ್ಟೆ. ಜನರನ್ನು ಹೈಸ್ಕೂಲಿಗೆ ಸೇರಿಸುವುದೆಂದು ಗೊತ್ತುಮಾಡಿದೆವು.

ಕೆಸರಿನಲ್ಲಿ ಜೆಸಿಬಿ ಕೋಡಿಯ ಹತ್ತಿರ ಹೋಗಲಿಲ್ಲ. ನೀರಿನಡಿಯಲ್ಲಿ ಕಾಲಿಡಲು ಕಲ್ಲು ಎಲ್ಲಿದೆ ಎಂದು ಗೊತ್ತಿದ್ದವರು ಮುನಿಯಪ್ಪ ಒಬ್ಬರೇ. ಕರೆಸಿದೆ. ಬಂದರು, ಪಂಚೆ ಎತ್ತಿ ಕಟ್ಟಿದರು, ಆಮೇಲೆ ನನ್ನ ಮುಖ ನೋಡಿದರು.

"ಮನೇಲಿ ಅವಳೊಬ್ಬಳೇ ಅವ್ಳೆ ಸಾರ್. ಒಂದ್ಸಲ ಹೋಗಿ ಎತ್ಕಂಡ್ ಬಂದ್ಬಿಡ್ತೀನಿ."

"ನಮ್ಮವರನ್ನ ಕಳಿಸಿದ್ದೀನಿ ಮುನಿಯಪ್ಪ. ಎಲ್ಲರನ್ನೂ ಸಾಗಿಸ್ತಾರೆ. ನೀವು ಇಲ್ಲಿ ಬೇಕು."

ಅವರು ಮತ್ತೆ ಕೇಳಲಿಲ್ಲ. ನೀರಿಗಿಳಿದು, ಪೂರ್ವದ ತುದಿಯ ಬಂಡೆಯ ಹತ್ತಿರ ನಮ್ಮ ಆರು ಜನರನ್ನು ಹಗ್ಗ ಹಿಡಿಸಿ ನಿಲ್ಲಿಸಿದರು.

ಕೆಳಗೆ ಕಾಲೊನಿಯಿಂದ "ನೀಳ್ಳೊಸ್ತಾಯಿ, ರಾಂಡಿ ರಾಂಡಿ" ಎಂದು, ನೀರು ಬರುತ್ತಿದೆ, ಬನ್ನಿ ಬನ್ನಿ ಎಂದು ತೆಲುಗಿನಲ್ಲಿ ಹೆಂಗಸರು ಕೂಗುವುದು ಕೇಳುತ್ತಿತ್ತು. ಒಂದೂವರೆಗೆ ಸುಬ್ರಮಣಿ ಫೋನ್ ಮಾಡಿದರು. "ನಲವತ್ತೆಂಟೂ ಖಾಲಿ ಸಾರ್. ಪಟ್ಟಿ ಹಿಡ್ಕೊಂಡು ಒಂದೊಂದು ಬಾಗಿಲೂ ತಟ್ಟಿದೀವಿ." ಆ ಸಂಖ್ಯೆ ಕೇಳಿ ನನಗೆ ಏನೂ ಅನ್ನಿಸಲಿಲ್ಲ. ಪಟ್ಟಿಯಲ್ಲಿ ಲೆಕ್ಕಕ್ಕಿದ್ದದ್ದೇ ನಲವತ್ತೆಂಟು. ಮೂಟೆ ತೆಗೆಯಿರಿ ಎಂದೆ.

ಮೊದಲ ಅರ್ಧ ಗಂಟೆ ಎಲ್ಲ ಲೆಕ್ಕದಂತೆ ನಡೆಯಿತು. ಆಮೇಲೆ ನಡುವಿನ ಸಾಲು ಒಂದೇ ಏಟಿಗೆ ಕಿತ್ತುಕೊಂಡು ಹೋಯಿತು. ನಮ್ಮವರನ್ನು ಹಗ್ಗ ಉಳಿಸಿತು. ನೀರು ಕಾಲುವೆಯ ಎರಡೂ ದಡ ಮೀರಿ ಕಾಲೊನಿಯೊಳಗೆ ನುಗ್ಗುವುದನ್ನು ಏರಿಯ ಮೇಲೆ ನಿಂತು ನೋಡಿದೆವು. ಗೋಡೆಗಳು ಕೂತುಬಿಟ್ಟವು. ಆದರೆ ಏರಿ ಉಳಿಯಿತು. ಮಂಜ ಜೋರಾಗಿ ಸಿಳ್ಳೆ ಹೊಡೆದ.

ಮುನಿಯಪ್ಪ ನೀರು ಸುರಿಯುತ್ತಾ ದಡಕ್ಕೆ ಬಂದರು. ಮುಖದಲ್ಲಿ ನಗುವಿತ್ತು. "ನಮ್ಮವಳನ್ನ ಇಸ್ಕೂಲಲ್ಲಿ ಯಾವ ರೂಮ್‌ನಾಗೆ ಮಲಗ್ಸವ್ರೆ, ಕೇಳ್ರಿ ಸಾರ್. ಹೊದ್ಕೆ ತಗಂಡು ಹೋಗ್ತೀನಿ."

ಫೋನ್ ಮಾಡಿದೆ. ಸುಬ್ರಮಣಿ ತಡವರಿಸಿದರು. "ಯಾವ ಮನೆ ಸಾರ್? ಆಚೆ ದಡದ್ದಾ? ಒಬ್ಬಮ್ಮ ಹೇಳಿದ್ರು, ಅಲ್ಲೊಂದು ಮನೆ ಐತೆ ಅಂತ. ಪಟ್ಟಿ ನೋಡ್ದೆ. ತೆರವಾಗಿದೆ ಅಂತ ಬರ್ದಿದೆ. ನಿಮ್ಮದೇ ಸಹಿ ಇದೆ ಸಾರ್."

ಮುನಿಯಪ್ಪ ನನ್ನ ಮುಖ ನೋಡಿದರು, ಓಡಿದರು. ಕಾಲುವೆ ದಾಟದಂತೆ ನಾಲ್ಕು ಜನ ಅವರನ್ನು ಹಿಡಿದು ನಿಲ್ಲಿಸಬೇಕಾಯಿತು. ಅಗ್ನಿಶಾಮಕ ದಳದವರು ಆಚೆ ದಡ ಸೇರಿದ್ದು ನಾಲ್ಕು ಗಂಟೆಗೆ. ಶೀಟು ಹಾರಿಹೋಗಿತ್ತು, ಗೋಡೆ ನಿಂತಿತ್ತು. ಮಂಚ ಇದ್ದ ಜಾಗದಲ್ಲೇ ಇತ್ತು. ನೀರು ಬಂದು ಹೋದ ಗುರುತು ಮಂಚಕ್ಕಿಂತ ಎರಡು ಅಡಿ ಮೇಲಿತ್ತು. ಅಕ್ಕಾಯಮ್ಮ ಅದರ ಮೇಲೇ ಇದ್ದರು.

ಊರು ಉಳಿಯಿತೆಂದು ಪುರಸಭೆಗೆ ಶಹಬ್ಬಾಸ್‌ಗಿರಿ ಸಿಕ್ಕಿತು. ನಿಜವಾಗಿ ನಡೆದದ್ದನ್ನು ನಾನು ಬರೆದುಕೊಟ್ಟೆ. ನೋಟಿಸ್ ಬಂತು, ಶಿಕ್ಷೆಯೂ ಆಯಿತು. ಅದು ದೊಡ್ಡ ಮಾತಲ್ಲ. ಜನನ ಮರಣ ವಿಭಾಗದ ಗುಮಾಸ್ತೆ ಒಂದು ಫಾರಂ ಹಿಡಿದು ನನ್ನ ಕೋಣೆಗೆ ಬಂದಳು. "ಸಾರ್, ಮರಣ ಸಂಭವಿಸಿದ ಸ್ಥಳ ಅಂತ ಕಾಲಂ ಇದೆ. ಆ ಮನೆ ನಮ್ಮ ದಾಖಲೇಲಿಲ್ಲ. ಏನು ಬರೀಲಿ?"

"ಸ್ವಂತ ಮನೆ ಅಂತ ಬರಿಯಮ್ಮ" ಎಂದೆ. ಅವರ ಮನೆ ಇತ್ತೆಂದು ಪುರಸಭೆ ಒಪ್ಪಿಕೊಂಡದ್ದು ಆ ಒಂದು ಕಾಗದದಲ್ಲಿ ಮಾತ್ರ.

ತಿಥಿ ಕಳೆದ ಮೇಲೆ ಮುನಿಯಪ್ಪನವರನ್ನು ನೋಡಲು ಹೋದೆ. ಹೈಸ್ಕೂಲಿನ ಜಗಲಿಯಲ್ಲಿ ಕೂತಿದ್ದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಚಾಪೆ ಸರಿಸಿ ಜಾಗ ಕೊಟ್ಟರು. ಆಮೇಲೆ ಹೇಳಿದರು: "ನೀವು ಕಳ್ಸಿದೀನಿ ಅಂದ್ರಲ್ಲಾ ಸಾರ್. ಅದ್ಕೇ ನಾನು ನಿಂತ್ಕಂಡೆ."

ಉಳಿದ ಎರಡು ವರ್ಷಗಳ ನೌಕರಿಯಲ್ಲಿ ಕಲಿತದ್ದು ಇಷ್ಟೇ: ಒಬ್ಬರ ಮನೆ ಉಳಿಸಬೇಕೆಂದರೆ ಉಳಿಸಿದ್ದೇನೆ ಎಂದೇ ಬರೆಯಬೇಕು, ಮೇಲಿನವರಿಂದ ಬೈಸಿಕೊಳ್ಳಬೇಕು. ಹೆದರಿಕೊಂಡು ತೋರಿಸಿದ ದಯೆಗೆ ನಾವು ದಂಡ ತೆರುವುದಿಲ್ಲ; ಅದನ್ನು ನಂಬಿದವರು ತೆರುತ್ತಾರೆ.